ಒಂದಡಿಗೆ ಒಂದು ನೂಲು

ಮಲವಗೊಪ್ಪದ ಹೆದ್ದಾರಿ ಬದಿಯ ಚಹಾದಂಗಡಿಯಲ್ಲಿ ಹಯಾತ್ ಸಾಬರ ಬಗ್ಗೆ ಒಂದು ಕಥೆ ಚಾಲ್ತಿಯಲ್ಲಿದೆ. ಎದುರಿನ ಎರಕದ ಫೌಂಡ್ರಿಗೆ ಬಂದ ಹೊಸ ತ್ರೀಡಿ ಪ್ರಿಂಟರನ್ನು ಕಂಡು ಮುದುಕನಿಗೆ ಹೊಟ್ಟೆ ಉರಿಯಿತಂತೆ. ಯಾರೂ ಇಲ್ಲದ ಹೊತ್ತು ನೋಡಿ ಅದು ಮಾಡಿಕೊಟ್ಟ ಮಾದರಿಯ ಸಂದುಗಳಲ್ಲಿ ತೆಳು ಪಟ್ಟಿ ತುರುಕಿ ಅಳತೆ ಕೆಡಿಸಿದನಂತೆ. ಅದರಿಂದ ಎರಕ ಹೊಯ್ದ ಇಪ್ಪತ್ತೆರಡು ಕಬ್ಬಿಣದ ಚೌಕಟ್ಟುಗಳು ಹೋದ ಲಾರಿಯಲ್ಲೇ ವಾಪಸ್ ಬಂದವಂತೆ. ಕೇಳುವವರು ಅನುಮಾನಪಟ್ಟರೆ ಹೇಳುವವರ ಬಳಿ ಒಂದು ಮಾತು ಸಿದ್ಧವಿರುತ್ತದೆ: ತಾನೇ ಮಾಡಿದ್ದೆಂದು ಅವನೇ ಒಪ್ಪಿಕೊಂಡಿದ್ದಾನೆ, ಮೂವರ ಎದುರಿಗೆ.

ಒಪ್ಪಿಕೊಂಡದ್ದು ನಿಜ. ಆದರೆ ಅವರು ಅಳತೆ ಕೆಡಿಸಿರಲಿಲ್ಲ. ಕೆಟ್ಟ ಅಳತೆಯನ್ನು ಮೊದಲು ಕಂಡವರು, ಕಂಡದ್ದನ್ನು ಒಮ್ಮೆ ಹೇಳಿದವರು ಅವರೇ. ಎರಡನೆಯ ಸಲ ಹೇಳಲಿಲ್ಲ ಎಂಬುದಷ್ಟೇ ಅವರ ಮೇಲೆ ಹೊರಿಸಬಹುದಾದ ತಪ್ಪು. ಆ ತಪ್ಪಿನ ಸುದ್ದಿ ಚಹಾದಂಗಡಿಯನ್ನು ಇನ್ನೂ ತಲುಪಿಲ್ಲ.

ಹಯಾತ್ ಸಾಬರು ಹುಟ್ಟಿ ಬೆಳೆದದ್ದು ಭದ್ರಾವತಿಯ ಹೊಸಮನೆಯಲ್ಲಿ. ಹದಿನೇಳನೆಯ ವಯಸ್ಸಿಗೆ ಊರಿನ ದೊಡ್ಡ ಕಾರ್ಖಾನೆಯಿಂದ ನಿವೃತ್ತನಾಗಿದ್ದ ತಮಿಳು ಮೇಸ್ತ್ರಿಯೊಬ್ಬನ ಶೆಡ್ಡಿಗೆ ಸೇರಿ ಪ್ಯಾಟರ್ನ್ ಕೆಲಸ ಕಲಿತರು. ಎರಕದ ಯಾವ ವಸ್ತುವನ್ನೇ ಆಗಲಿ ಮೊದಲು ಮರದಲ್ಲಿ ಮಾಡಬೇಕು. ಆ ಮರದ ಮಾದರಿಯನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಪೊಳ್ಳಿಗೆ ಕರಗಿದ ಲೋಹ ಹೊಯ್ಯಬೇಕು. ಆ ಮಾದರಿಯೇ ಪ್ಯಾಟರ್ನ್. ಲೋಹ ಆರುವಾಗ ಕುಗ್ಗುತ್ತದೆ. ಕಬ್ಬಿಣವಾದರೆ ಒಂದಡಿಗೆ ಒಂದು ನೂಲು, ಅಂದರೆ ಅಂಗುಲದ ಎಂಟರಲ್ಲಿ ಒಂದು ಪಾಲು. ಉಕ್ಕಾದರೆ ಎರಡು ನೂಲು. ಆದ್ದರಿಂದ ಮರದ ಮಾದರಿಯನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ಪ್ರತಿ ಅಳತೆಗೂ ಲೆಕ್ಕ ಹಾಕುತ್ತ ಕೂರುವುದು ಆಗದ ಮಾತು. ಅದಕ್ಕಾಗಿ ಈ ಕಸುಬಿನವರು ಬೇರೆಯೇ ಸ್ಕೇಲು ಇಟ್ಟುಕೊಳ್ಳುತ್ತಾರೆ. ನೋಡಲು ಅದು ಅಂಗಡಿಯಲ್ಲಿ ಸಿಗುವ ಉಕ್ಕಿನ ಸ್ಕೇಲಿನಂತೆಯೇ ಇರುತ್ತದೆ; ಅದರ ಒಂದಡಿ ಮಾತ್ರ ಲೋಕದ ಒಂದಡಿಗಿಂತ ಒಂದು ನೂಲು ಉದ್ದ. ಹಯಾತ್ ಸಾಬರ ಬಳಿ ಇದ್ದದ್ದು ಮೇಸ್ತ್ರಿ ಕೊಟ್ಟ ಸ್ಕೇಲು.

ಮೇಸ್ತ್ರಿ ಕಲಿಸಿದ ಇನ್ನೊಂದು ಪದ್ಧತಿಯೂ ಇತ್ತು. ಮಾದರಿ ಮುಗಿದ ಮೇಲೆ ಅದರ ತಳದಲ್ಲಿ ಕಾಯಿಸಿದ ಮೊಳೆಯಿಂದ ಚುಕ್ಕಿ ಸುಡುವುದು. ಒಂದು ಚುಕ್ಕಿಯಿದ್ದರೆ ಅದು ಕಬ್ಬಿಣಕ್ಕೆ, ಅಡಿಗೆ ಒಂದು ನೂಲು ಸೇರಿದೆ. ಎರಡಿದ್ದರೆ ಉಕ್ಕಿಗೆ. ಈ ಚುಕ್ಕಿಗಳ ಅರ್ಥವನ್ನು ಯಾರೂ ಯಾರಿಗೂ ವಿವರಿಸುತ್ತಿರಲಿಲ್ಲ. ಮರಳು ತುಂಬುವವನಿಗೂ ಗೊತ್ತಿತ್ತು, ಕುಲುಮೆಯವನಿಗೂ ಗೊತ್ತಿತ್ತು.

ಮಲವಗೊಪ್ಪದ ಆ ಫೌಂಡ್ರಿಗೆ ಅವರನ್ನು ಕರೆತಂದವರು ಅದರ ಹಳೆಯ ಮಾಲೀಕ ಭೈರಪ್ಪನವರು. ಉತ್ತರದ ಕಿಟಕಿಯ ಕೆಳಗೆ ಸಾಗುವಾನಿಯ ಒಂದು ಬೆಂಚು ಹಾಕಿಸಿಕೊಟ್ಟರು. ಆಯುಧಪೂಜೆಯ ದಿನ ಮೊದಲ ಹೂವಿನ ಹಾರ ಕುಲುಮೆಗಲ್ಲ, ಲೇತಿಗಲ್ಲ, ಆ ಬೆಂಚಿಗೆ ಬೀಳುತ್ತಿತ್ತು. ಹಯಾತ್ ಸಾಬರು ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತಿದ್ದರು. ಮೂವತ್ತೊಂದು ವರ್ಷಗಳಲ್ಲಿ ಅವರ ಮಾದರಿಯಿಂದ ಹೊಯ್ದ ಒಂದು ಎರಕವೂ ಅಳತೆ ತಪ್ಪಿ ವಾಪಸ್ ಬಂದಿರಲಿಲ್ಲ. ಹಯಾತ್ ಸಾಬರಿಗೂ ಅವರ ಹೆಂಡತಿ ಖಾಜಾಬೀಗೂ ಮಕ್ಕಳಾಗಲಿಲ್ಲ. ಕೈ ನಡೆಯುವವರೆಗೆ ಆ ಬೆಂಚಿನಲ್ಲಿರಬೇಕು, ಪ್ಯಾಟರ್ನ್ ಕೆಲಸದವರಾಗಿಯೇ ಅಲ್ಲಿಂದ ಏಳಬೇಕು ಎಂಬುದನ್ನು ಬಿಟ್ಟರೆ ಅವರು ಯಾರಲ್ಲಿಯೂ ಏನನ್ನೂ ಕೇಳಿದವರಲ್ಲ. ಕೇಳಬೇಕಾದ ಸಂದರ್ಭ ಬರುತ್ತದೆಂದು ಅವರಿಗೆ ಅನ್ನಿಸಿರಲೂ ಇಲ್ಲ.

ಭೈರಪ್ಪನವರು ತೀರಿಕೊಂಡ ಮೇಲೆ ಮಗ ಹರಿಪ್ರಸಾದ್ ಫೌಂಡ್ರಿ ವಹಿಸಿಕೊಂಡ. ಅವನು ಕೆಟ್ಟವನೆಂದು ಯಾರೂ ಹೇಳುವುದಿಲ್ಲ. ಅವನಿಗೆ ಆತುರವಿತ್ತು. ಗಿರಾಕಿಗಳು ಹೊಸ ವಿನ್ಯಾಸದ ಚಿತ್ರವನ್ನು ಬೆಳಿಗ್ಗೆ ಕಳಿಸಿ, ಮಾದರಿ ಯಾವಾಗ ಕೈಗೆ ಸಿಗುತ್ತದೆಂದು ಸಂಜೆ ಕೇಳುವ ಕಾಲ. ಅವನು ತ್ರೀಡಿ ಪ್ರಿಂಟರ್ ತರಿಸಿದ. ಅದನ್ನು ನಡೆಸಲು ವಿನೋಬನಗರದ ವಾಣಿ ಎಂಬ ಇಪ್ಪತ್ತಾರು ವರ್ಷದ ಎಂಜಿನಿಯರನ್ನು ನೇಮಿಸಿಕೊಂಡ. ಪ್ಲಾಸ್ಟಿಕ್ ತಂತಿಯನ್ನು ಕರಗಿಸಿ, ಪದರದ ಮೇಲೆ ಪದರ ಹಾಕುತ್ತ, ಆ ಯಂತ್ರ ಯಾರ ಕೈಯೂ ತಾಗದೆ ವಸ್ತುವನ್ನು ಎಬ್ಬಿಸಿ ನಿಲ್ಲಿಸುತ್ತಿತ್ತು. ಆ ವರ್ಷ ಆಯುಧಪೂಜೆಯ ಮೊದಲ ಹಾರ ಅದಕ್ಕೆ ಬಿತ್ತು. ಹಯಾತ್ ಸಾಬರು ಅಭ್ಯಾಸಬಲದಿಂದ ಬೆಂಚಿನ ಪಕ್ಕದಲ್ಲೇ ನಿಂತಿದ್ದರು. ಹೂವು ಸಾಲದೆ ಹೋದದ್ದರಿಂದ ಬೆಂಚಿಗೆ ಕುಂಕುಮ ಮಾತ್ರ ಸಿಕ್ಕಿತು.

ಮೊದಲ ತಿಂಗಳಲ್ಲೇ ಹರಿಪ್ರಸಾದ್ ಒಂದು ಪಂದ್ಯ ಇಟ್ಟ. ಒಂದೇ ಪಂಪಿನ ಚಕ್ರ. ಒಂದು ಕಡೆ ಪ್ರಿಂಟರ್, ಇನ್ನೊಂದು ಕಡೆ ಹಯಾತ್ ಸಾಬರು. ಕೆಲಸಗಾರರು ಕಾಫಿ ಬೋಂಡದ ಬಾಜಿ ಕಟ್ಟಿದರು. ಪ್ರಿಂಟರ್ ಹತ್ತೊಂಬತ್ತು ಗಂಟೆಯಲ್ಲಿ ಮುಗಿಸಿತು, ಹಯಾತ್ ಸಾಬರು ಆರು ದಿನದಲ್ಲಿ. ಆದರೆ ಮರಳಿಗೆ ಇಳಿಸಿದಾಗ ಪ್ಲಾಸ್ಟಿಕ್ ಚಕ್ರದ ಪದರಗಳ ಗೆರೆ ಮರಳನ್ನು ಕಚ್ಚಿಕೊಂಡು ಅಚ್ಚು ಒಡೆಯಿತು. ಮರದ ಚಕ್ರ ಬೆಣ್ಣೆಯಿಂದ ಚಾಕು ತೆಗೆದಂತೆ ಹೊರಬಂತು. ಹಯಾತ್ ಸಾಬರು ಗೆದ್ದರು. ಗೆದ್ದದ್ದರ ಫಲ ಮರುದಿನವೇ ಸಿಕ್ಕಿತು. ಪ್ರಿಂಟರಿನಿಂದ ಬರುವ ಪ್ರತಿಯೊಂದು ತುಂಡಿಗೂ ಪುಟ್ಟಿ ಹಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಗೆರೆ ಕಾಣದಂತೆ ನಯ ಮಾಡುವ ಕೆಲಸವನ್ನು ಹರಿಪ್ರಸಾದ್ ಅವರಿಗೇ ಒಪ್ಪಿಸಿದ. ಇಂಥ ನಯ ಇನ್ನು ಯಾರ ಕೈಗೂ ಬರುವುದಿಲ್ಲವಲ್ಲ ಎಂದು ಹೊಗಳಿಯೇ ಒಪ್ಪಿಸಿದ.

ಮರಳು ತುಂಬುವ ನವೀನ್ ಯಂತ್ರಕ್ಕೊಂದು ಹೆಸರಿಟ್ಟ: ಚಿಕ್ಕ ಹಯಾತ್. ಹೆಸರು ಒಂದೇ ವಾರದಲ್ಲಿ ಕುಲುಮೆಯಿಂದ ಗೇಟಿನವರೆಗೆ ಹಬ್ಬಿತು. ಯಂತ್ರ ಕೆಟ್ಟು ನಿಂತ ದಿನ ನವೀನ್ ಬೆಂಚಿನ ಬಳಿ ಬಂದು ಗಂಭೀರವಾಗಿ ವರದಿ ಒಪ್ಪಿಸುತ್ತಿದ್ದ.

"ಸಾಬ್ರೆ, ನಿಮ್ಮ ಮಗಂಗೆ ಮೈ ಬಿಸಿಯಾಗಿದೆ. ಒಂದು ತಾಯತ ಕಟ್ಸಿ ಮಾರಾಯ್ರೆ."

ಹಯಾತ್ ಸಾಬರು ಉಜ್ಜುತ್ತಲೇ ಇರುತ್ತಿದ್ದರು. ಒಮ್ಮೆ ಮಾತ್ರ, ಕೊನೆಗೂ ತಮ್ಮ ಹೆಸರು ಹೇಳುವುದಕ್ಕೆ ಯಾರೋ ಒಬ್ಬ ಆದ ಹಾಗಾಯಿತು ಎಂದು ನಗುತ್ತ ಹೇಳಿದರಂತೆ. ಆ ನಗುವಿನಿಂದ ನವೀನನಿಗೆ ಇನ್ನಷ್ಟು ಹುರುಪು ಬಂತು.

ಎರಡನೆಯ ಪ್ರಿಂಟರಿಗೆ ಜಾಗ ಬೇಕಾಯಿತು. ಮಾದರಿಗಳ ಕೋಣೆಯಲ್ಲಿ ಮೂವತ್ತೊಂದು ವರ್ಷಗಳ ಮರ ಅಟ್ಟದವರೆಗೆ ತುಂಬಿತ್ತು. ಅವುಗಳಲ್ಲಿ ಅರವತ್ತಕ್ಕೆ ಈಗಲೂ ಆರ್ಡರ್ ಬರುತ್ತಿತ್ತು. ಅಷ್ಟನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇಟ್ಟುಕೊಂಡರೆ ಯಾವಾಗ ಬೇಕಾದರೂ ಮುದ್ರಿಸಿಕೊಳ್ಳಬಹುದು ಎಂಬುದು ಹರಿಪ್ರಸಾದನ ಯೋಜನೆ. ಹಯಾತ್ ಸಾಬರು ಒಂದೊಂದನ್ನೇ ಧೂಳು ಒರೆಸಿ ತಂದು ವಾಣಿಯ ಮೇಜಿನ ಮೇಲೆ ಇಡಬೇಕು. ಅವಳು ಅದರ ಸುತ್ತ ಸ್ಕ್ಯಾನರ್ ಹಿಡಿದು ಬರಬೇಕು. ಸ್ಕ್ಯಾನ್ ಆದ ಮರವನ್ನು ಲ್ಯಾಡಲ್ ಕಾಯಿಸಲು ಒಯ್ಯುತ್ತಿದ್ದರು. ಕರಗಿದ ಕಬ್ಬಿಣ ಹಿಡಿಯುವ ಆ ದೊಡ್ಡ ಸೌಟನ್ನು ಮೊದಲು ಸೌದೆ ಉರಿಯಲ್ಲಿ ಕಾಯಿಸದಿದ್ದರೆ ಕಬ್ಬಿಣ ಸಿಡಿಯುತ್ತದೆ. ಅಷ್ಟು ದಿನ ಅದಕ್ಕೆ ನೀಲಗಿರಿ ಸೌದೆ ಕೊಳ್ಳುತ್ತಿದ್ದರು. ಸಾಗುವಾನಿ ಚೆನ್ನಾಗಿ ಉರಿಯುತ್ತದೆಂದು ನವೀನ್ ಮೆಚ್ಚಿಕೊಂಡ. ಒಯ್ಯುವ ಕೆಲಸವನ್ನೂ ಹಯಾತ್ ಸಾಬರಿಗೇ ಕೊಟ್ಟದ್ದು ಯಾರೋ ಯೋಚಿಸಿ ಮಾಡಿದ ಕ್ರೌರ್ಯವಲ್ಲ. ಕೋಣೆಯ ಕೀಲಿ ಅವರ ಬಳಿ ಇತ್ತು, ಅಷ್ಟೆ.

ಅಲ್ಲಿ ನಡೆದ ತಪ್ಪು ಇಬ್ಬರದೂ ಹೌದು, ಇಬ್ಬರದೂ ಅಲ್ಲ. ವಾಣಿ ಕಲಿತ ಶಾಸ್ತ್ರದಲ್ಲಿ ಕಂಪ್ಯೂಟರಿನಲ್ಲಿರುವ ಆಕೃತಿ ಎಂದರೆ ತಯಾರಾಗಬೇಕಾದ ವಸ್ತುವಿನ ನಿಜವಾದ ಅಳತೆ. ಕುಗ್ಗುವಿಕೆಯನ್ನು ಕೊನೆಗೆ, ಒಂದು ಅಂಕೆ ಒತ್ತಿ ಸೇರಿಸುವುದು. ಹಯಾತ್ ಸಾಬರು ಕಲಿತ ಕಸುಬಿನಲ್ಲಿ ಮರದ ಮಾದರಿ ಎಂದರೆ ದೊಡ್ಡದಾಗಿಯೇ ಇರುವಂಥದು. ಅವಳು ಕೇಳಲಿಲ್ಲ, ಏಕೆಂದರೆ ಕೇಳುವಂಥದೇನೂ ಅವಳಿಗೆ ಕಾಣಲಿಲ್ಲ. ಅವರು ಹೇಳಲಿಲ್ಲ, ಏಕೆಂದರೆ ಅದು ಹೇಳುವ ಸಂಗತಿಯೆಂದು ಅವರಿಗೆ ಹೊಳೆಯಲಿಲ್ಲ. ಹೇಳುವುದಕ್ಕೆಂದೇ ಇದ್ದ ಚುಕ್ಕಿಗಳು ಸ್ಕ್ಯಾನಿನಲ್ಲಿ ಸಣ್ಣ ಕುಳಿಗಳಂತೆ ಮೂಡಿದವು. ಮೇಲ್ಮೈಯ ದೋಷವೆಂದು ತಿಳಿದು ಸಾಫ್ಟ್‌ವೇರ್ ಅವನ್ನು ಮುಚ್ಚಿ ನುಣ್ಣಗೆ ಮಾಡಿತು.

ಅರವತ್ತರಲ್ಲಿ ಮೊದಲು ಆರ್ಡರ್ ಬಂದದ್ದು ಅಕ್ಕಿ ಗಿರಣಿಯ ಯಂತ್ರದ ಪಕ್ಕದ ಚೌಕಟ್ಟಿಗೆ. ಮೂರಡಿ ಉದ್ದ, ಎರಡು ತುದಿಗೂ ಬೋಲ್ಟು ಕೂರುವ ಕಾಲುಗಳು. ಹಳೆಯ ಪಾರ್ಟು ತಾನೇ, ಸ್ಯಾಂಪಲ್ ತೋರಿಸಿ ಒಪ್ಪಿಗೆ ಪಡೆಯುವ ಹತ್ತು ದಿನ ಉಳಿಸುತ್ತೇನೆ, ಇಪ್ಪತ್ತೆರಡೂ ಒಟ್ಟಿಗೆ ಕಳಿಸುತ್ತೇನೆ ಎಂದು ಹರಿಪ್ರಸಾದ್ ಮಾತು ಕೊಟ್ಟ. ಪ್ರಿಂಟರಿನ ಹೊಟ್ಟೆಗೆ ಮೂರಡಿ ಹಿಡಿಯದ ಕಾರಣ ಚೌಕಟ್ಟು ನಾಲ್ಕು ತುಂಡಾಗಿ ಬಂತು. ಹಯಾತ್ ಸಾಬರು ಮೂರು ಕಡೆ ಜೋಡಿಸಿ, ಅಂಟಿಸಿ, ಉಜ್ಜಲು ಕುಳಿತರು. ಉಜ್ಜುವ ಕೈ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬರುವಾಗ ಅವರಿಗೆ ಏನೋ ಸರಿಯೆನಿಸಲಿಲ್ಲ. ಸ್ಕೇಲು ಇಟ್ಟರು. ಮೂರಡಿ ತೋರಿಸಬೇಕಾದ ಕಡೆ ಮೂರಡಿ ಮೂರು ನೂಲು ತೋರಿಸಿತು.

ಸ್ಕೇಲನ್ನೂ ಮಾದರಿಯನ್ನೂ ಹೊತ್ತು ವಾಣಿಯ ಕೋಣೆಗೆ ಹೋದರು. ಮೂರು ನೂಲು ಹೆಚ್ಚಿದೆ ಎಂದರು. ಅವಳು ತೆರೆಯಿಂದ ಕಣ್ಣು ತೆಗೆಯದೆ, ಅದು ಕುಗ್ಗುವುದಕ್ಕೆಂದು ತಾನು ಸೇರಿಸಿದ್ದು, ಹೆಚ್ಚಿಗೆ ಇರಲೇಬೇಕು ಎಂದು ತಾಳ್ಮೆಯಿಂದ ತಿಳಿಸಿದಳು.

"ನನ್ನ ಸ್ಕೇಲಲ್ಲೇ ಹೆಚ್ಚಿದೆಯಲ್ಲಮ್ಮ."

ವಾಣಿ ಆಗ ತಿರುಗಿ ನೋಡಿದಳು. ಅಂಚು ಸವೆದು ಕಪ್ಪಾಗಿದ್ದ ಸ್ಕೇಲು ಕಂಡು ನಕ್ಕಳು. ಆ ನಗೆಯಲ್ಲಿ ಅಕ್ಕರೆಯೂ ಇತ್ತು.

"ಚಾಚಾ, ನಿಮ್ಮ ಸ್ಕೇಲಿಗೂ ರಿಟೈರ್‌ಮೆಂಟ್ ಕೊಡಿ ಇನ್ನು."

ಬಾಗಿಲಲ್ಲಿ ನಿಂತಿದ್ದ ನವೀನ್ ಜೋರಾಗಿ ನಕ್ಕ. ಹಯಾತ್ ಸಾಬರು ಬೆಂಚಿಗೆ ಮರಳಿ ಉಳಿದ ಭಾಗ ಉಜ್ಜಿ ಮುಗಿಸಿದರು. ಹರಿಪ್ರಸಾದನ ಕೋಣೆ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಅವರು ಆ ಇಪ್ಪತ್ತು ಹೆಜ್ಜೆ ನಡೆಯಲಿಲ್ಲ. ಅಂದು ಸಂಜೆ ಮನೆಯಲ್ಲಿ ಖಾಜಾಬೀಗೆ ಎಲ್ಲವನ್ನೂ ಹೇಳಿದರು. ಮಾಲೀಕರಿಗೆ ಯಾಕೆ ಹೇಳಲಿಲ್ಲ ಎಂದು ಆಕೆ ಕೇಳಿದಾಗ, ಒಂದು ಗಳಿಗೆ, ಒಂದೇ ಗಳಿಗೆ, ತಪ್ಪಾಗುವುದಾದರೆ ಆಗಲಿ ಎನ್ನಿಸಿತು ಎಂದರು. ಚಹಾದಂಗಡಿಯ ಕಥೆಯಲ್ಲಿ ಸತ್ಯದ ಅಂಶವೇನಾದರೂ ಇದ್ದರೆ ಅದು ಆ ಗಳಿಗೆಯಷ್ಟು. ಮರುದಿನ ಬೇಗ ಹೊರಟು ಹೇಳಿಯೇಬಿಡುತ್ತೇನೆಂದು ನಿಶ್ಚಯಿಸಿ ಮಲಗಿದರು. ಮರುದಿನ ಅವರು ಬಸ್ಸಿಳಿದು ಒಳಗೆ ಬರುವಷ್ಟರಲ್ಲಿ ಅರ್ಧದಷ್ಟು ಅಚ್ಚುಗಳಿಗೆ ಕಬ್ಬಿಣ ಹೊಯ್ದಾಗಿತ್ತು. ಗಿರಾಕಿಗೆ ಖುಷಿಯಾಗಲೆಂದು ಹರಿಪ್ರಸಾದ್ ರಾತ್ರಿಯೇ ಅಚ್ಚು ತುಂಬಿಸಿ, ಬೆಳಗಿನ ಜಾವಕ್ಕೇ ಕುಲುಮೆ ಹಚ್ಚಿಸಿದ್ದ. ಉಳಿದ ಅರ್ಧಕ್ಕೆ ಲ್ಯಾಡಲ್ ಕಾಯುತ್ತಿತ್ತು. ಅದರಡಿ ಉರಿಯುತ್ತಿದ್ದ ಮರದಲ್ಲಿ ಅದೇ ಚೌಕಟ್ಟಿನ ಹಳೆಯ ಮಾದರಿಯ ಕಾಲೊಂದನ್ನು ಅವರು ಗುರುತಿಸಿದರು. ಆ ಹೊತ್ತಿಗೆ ಏನಾದರೂ ಹೇಳಿದ್ದರೆ ನಿನ್ನೆ ಏಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಅವರು ಹೇಳಲಿಲ್ಲ.

ಚೌಕಟ್ಟುಗಳು ಹನ್ನೆರಡು ದಿನಕ್ಕೆ ವಾಪಸ್ ಬಂದವು. ಇಪ್ಪತ್ತೆರಡರಲ್ಲಿ ಒಂದಕ್ಕೂ ಬೋಲ್ಟು ಕೂರಲಿಲ್ಲ. ಗಿರಾಕಿ ಕಂಪನಿಯ ಖರೀದಿ ಅಧಿಕಾರಿ ಚಂದ್ರಹಾಸ ತಾನೇ ಬರುತ್ತೇನೆಂದು ತಿಳಿಸಿದ. ಅವನು ಬರುವ ಹಿಂದಿನ ದಿನ ವಾಣಿ ಕಡತ ತೆರೆದು, ಆಮೇಲೆ ಮುಚ್ಚಿಹೋಗಿದ್ದ ಆ ಕುಳಿಯನ್ನು ಮೂಲ ಸ್ಕ್ಯಾನಿನಲ್ಲಿ ಕಂಡಳು. ಹಯಾತ್ ಸಾಬರ ಸ್ಕೇಲನ್ನು ಕೇಳಿ ಪಡೆದು ತನ್ನ ಅಳತೆಗೋಲಿನ ಪಕ್ಕದಲ್ಲಿಟ್ಟು ನೋಡಿದಳು. ಆಮೇಲೆ ಹೋಗಿ ಹರಿಪ್ರಸಾದನಿಗೆ ನಡೆದದ್ದನ್ನು ನಡೆದಂತೆಯೇ ಹೇಳಿದಳು. ಈ ಮಟ್ಟಿಗೆ ಅವಳು ಪ್ರಾಮಾಣಿಕಳು.

ಹರಿಪ್ರಸಾದ್ ಮೊದಲು ಆ ಪ್ಲಾಸ್ಟಿಕ್ ಮಾದರಿಯನ್ನು, ಯಾರಿಗೂ ಅಳೆದು ನೋಡಲು ಸಿಗದಂತೆ, ಸುತ್ತಿಗೆಯಿಂದ ಒಡೆಸಿ ಹಾಕಿಸಿದ. ಆಮೇಲೆ ಹಯಾತ್ ಸಾಬರನ್ನು ಕರೆಸಿ ಕುರ್ಚಿ ತೋರಿಸಿದ. ಅವನ ಕೋಣೆಯಲ್ಲಿ ಅವರು ಕುಳಿತದ್ದು ಅದೇ ಮೊದಲು.

"ಹಯಾತಣ್ಣ, ತಪ್ಪು ಯಾರದ್ದು ಅಂತ ನಂಗೂ ಗೊತ್ತು, ನಿಮಗೂ ಗೊತ್ತು. ನಾಳೆ ಮಾತ್ರ ಜೋಡಣೆಯಲ್ಲಿ ನಿಮ್ಮ ಕೈ ತಪ್ತು ಅನ್ನಿ. ಮೂರು ಜೋಡಣೆ, ಮೂರು ನೂಲು. ಲೆಕ್ಕ ಸರಿ ಕೂರುತ್ತೆ. ನಾನಿರೋ ತನಕ ಆ ಬೆಂಚಿಂದ ನಿಮ್ಮನ್ನ ಯಾರೂ ಏಳ್ಸಲ್ಲ."

ಮೂವತ್ತೊಂದು ವರ್ಷಗಳಲ್ಲಿ ಒಂದೂ ವಾಪಸ್ ಬಂದಿಲ್ಲವೆಂದು ಹಯಾತ್ ಸಾಬರು ನೆನಪಿಸಿದರು. ಅದಕ್ಕೇ ಒಂದು ಸಲ ಆದರೆ ನಡೆಯುತ್ತದೆ ಎಂದ ಹರಿಪ್ರಸಾದ್. ಅವರು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು. ಅಲ್ಲಿಂದ ಬೆಂಚು ಕಾಣುತ್ತಿತ್ತು. ಆಗಲಿ ಎಂದರು.

ಮರುದಿನ ಕೋಣೆಯಲ್ಲಿ ನಾಲ್ವರಿದ್ದರು: ಹರಿಪ್ರಸಾದ್, ಚಂದ್ರಹಾಸ, ಲ್ಯಾಪ್‌ಟಾಪ್ ತೆರೆದು ಕುಳಿತ ವಾಣಿ, ಬಾಗಿಲ ಬಳಿ ನಿಂತ ಹಯಾತ್ ಸಾಬರು. ಈ ಸಲ ಕುರ್ಚಿ ತೋರಿಸಲಿಲ್ಲ. ಅಂಟು ದಪ್ಪವಾಗಿ ಬಿತ್ತು, ಕಣ್ಣು ಮಂಜಾಗಿತ್ತು, ತಪ್ಪಾಯಿತು ಎಂದು ಅವರು ಹೇಳುತ್ತಿದ್ದಂತೆ ಚಂದ್ರಹಾಸ ಒಂದು ಕಾಗದದ ಮೇಲೆ ಮೂರು ಗೆರೆ ಎಳೆದ. ಅವನೂ ಮೊದಲು ಶಾಪ್‌ಫ್ಲೋರಿನಲ್ಲಿ, ಯಂತ್ರಗಳ ನಡುವೆ, ಕೆಲಸ ಮಾಡಿದವನು.

"ಒಂದು ನೂಲು ದಪ್ಪ ಅಂಟು ಯಾರೂ ತಪ್ಪಿ ಹಚ್ಚಲ್ಲ. ಅದೂ ಮೂರು ಕಡೆನೂ ಸಮವಾಗಿ," ಎಂದ. ಹರಿಪ್ರಸಾದನ ಕಡೆ ತಿರುಗಿ, ನಿಧಾನವಾಗಿ ಮುಂದುವರಿಸಿದ. "ಇರೋದು ಎರಡೇ ದಾರಿ ಸಾರ್. ಒಂದೋ ನಿಮ್ಮ ಸ್ಕ್ಯಾನಿಂಗೇ ತಪ್ಪು. ಹಂಗಾದ್ರೆ ಅರವತ್ತಕ್ಕೆ ಅರವತ್ತೂ ತಪ್ಪು, ನಮ್ಮ ಆರ್ಡರ್ ಎಲ್ಲ ಇವತ್ತೇ ನಿಲ್ಲಿಸ್ತೀನಿ. ಇಲ್ಲಾಂದ್ರೆ ಈ ಮನುಷ್ಯ ಬೇಕಂತಲೇ ಮಾಡಿರ್ಬೇಕು."

ಹರಿಪ್ರಸಾದ್ ಕಾಗದದ ಮೇಲಿನ ಮೂರು ಗೆರೆಗಳನ್ನೇ ನೋಡಿದ. ಆರ್ಡರ್ ನಿಂತರೆ ಮಾದರಿಗಳ ಕೋಣೆ ಮುಚ್ಚುತ್ತದೆ, ಬೆಂಚು ಅದರ ಜೊತೆಗೇ ಹೋಗುತ್ತದೆ ಎಂಬುದನ್ನು ಹಯಾತ್ ಸಾಬರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ವಾಣಿಯ ಕಡೆ ನೋಡಿದರು. ವಾಣಿ ಕೀಲಿಮಣೆಯ ಮೇಲಿನ ಧೂಳನ್ನು ಬೆರಳ ತುದಿಯಿಂದ ಒರೆಸುತ್ತಿದ್ದಳು.

"ಬೇಕಂತಲೇ ಮಾಡಿದೆ ಸಾರ್," ಎಂದರು ಹಯಾತ್ ಸಾಬರು. "ಪಟ್ಟಿ ಇಟ್ಟು ಅಂಟಿಸ್ದೆ."

ಯಾಕೆ ಎಂದು ಚಂದ್ರಹಾಸ ಕೇಳಿದ. ಉತ್ತರವನ್ನು ಅವರು ಸಿದ್ಧ ಮಾಡಿಕೊಂಡು ಬಂದಿರಲಿಲ್ಲ. ಕಾರ್ಖಾನೆಯಲ್ಲಿ ಎಲ್ಲರೂ ಹೇಳುವ ಮಾತನ್ನೇ ಎತ್ತಿಕೊಟ್ಟರು.

"ಅದು ಬಂದ ಮೇಲೆ ನನ್ನ ಕೆಲಸ ಹೋಯ್ತಲ್ಲ."

ಚಂದ್ರಹಾಸನಿಗೆ ಸಮಾಧಾನವಾಯಿತು. ಕಾರಣ ಸಿಕ್ಕಿತು, ಸ್ಕ್ಯಾನಿಂಗ್ ಉಳಿಯಿತು. ಇಂಥ ಮನುಷ್ಯ ಕಾಂಪೌಂಡಿನೊಳಗೆ ಇರುವವರೆಗೆ ತನ್ನ ಕಂಪನಿಯ ಒಂದು ಮೊಳೆಯೂ ಇಲ್ಲಿ ತಯಾರಾಗಕೂಡದು, ಇದನ್ನು ಬರವಣಿಗೆಯಲ್ಲಿ ಕೊಡಬೇಕು ಎಂದ. ಹರಿಪ್ರಸಾದ್ ಒಂದು ಕ್ಷಣ ಬಾಗಿಲ ಕಡೆ ನೋಡಿದ. ಮೇಜಿನ ಮೇಲಿನ ಕಾಫಿ ಆರುವ ಮೊದಲೇ ಬರೆದುಕೊಟ್ಟ. ಹಯಾತ್ ಸಾಬರು ಉಳಿಗಳನ್ನೂ ಕೀಸುಳಿಯನ್ನೂ ಗೋಣಿತಾಟಿನಲ್ಲಿ ಸುತ್ತಿಕೊಂಡು ಹೊರಡುವಾಗ ನವೀನ್ ಕುಲುಮೆಯ ಬಳಿಯಿಂದ ಕೂಗಿ, ಮಗನನ್ನು ಒಂಟಿ ಬಿಟ್ಟು ಹೋಗುತ್ತಿದ್ದೀರಲ್ಲ ಎಂದು ಕೇಳಿದ. ಹತ್ತಾರು ಜನ ನಕ್ಕರು. ನಕ್ಕವರಲ್ಲಿ ಕೆಲವರು ಅವರ ಕೈಯಲ್ಲಿ ಕೆಲಸ ಕಲಿತವರು.

ಮೂರು ವಾರಗಳ ನಂತರ ವಾಣಿ ಭದ್ರಾವತಿಗೆ ಬಂದಳು. ಹೊಸಮನೆಯ ಓಣಿಯಲ್ಲಿ ಸ್ಕೂಟರ್ ನಿಲ್ಲಿಸಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಖಾಜಾಬೀ ಕೊಟ್ಟ ನೀರು ಕುಡಿದಳು. ಕೈಯಲ್ಲಿ ಅರವತ್ತು ಮಾದರಿಗಳ ಚಿತ್ರವಿದ್ದ ಪಟ್ಟಿ. ಅರವತ್ತರಲ್ಲಿ ಯಾವುದಕ್ಕೆ ಒಂದು ಚುಕ್ಕಿ, ಯಾವುದಕ್ಕೆ ಎರಡು ಎಂದು ತಿಳಿಯದೆ, ಮೊದಲೇ ಸೇರಿರುವ ನೂಲು ಕಳೆದು ನಿಜವಾದ ಅಳತೆ ಪಡೆಯುವಂತಿರಲಿಲ್ಲ. ಕಡತ ಉಳಿಸುವಾಗ ಮೊದಲ ಕೆಲವನ್ನು ಬಿಟ್ಟರೆ ಮಿಕ್ಕ ಮೂಲ ಸ್ಕ್ಯಾನುಗಳನ್ನು ಜಾಗ ಸಾಲದೆಂದು ಅಳಿಸಲಾಗಿತ್ತು, ಮರ ಉರಿದುಹೋಗಿತ್ತು, ಹಳೆಯ ಪಾರ್ಟುಗಳಿಗೆ ನಕ್ಷೆಯೂ ಇರಲಿಲ್ಲ. ಈಗ ಆ ತಿಳಿವಳಿಕೆ ಇದ್ದದ್ದು ಒಬ್ಬರ ತಲೆಯಲ್ಲಿ ಮಾತ್ರ.

ಖಾಜಾಬೀ ಅಡುಗೆಮನೆಗೆ ಗಂಡನನ್ನು ಕರೆದು, ಇದನ್ನೂ ಕೊಟ್ಟುಬಿಟ್ಟರೆ ಆಮೇಲೆ ಅವರಿಗೆ ನೀವು ಯಾಕೆ ಬೇಕು ಎಂದು ಕೇಳಿದರು. ಹಯಾತ್ ಸಾಬರು ಹೊರಬಂದು, ಬದುಕಿನಲ್ಲಿ ಮೊದಲ ಸಲ ಒಂದು ಷರತ್ತು ಹಾಕಿದರು. ಬೆಂಚು ವಾಪಸ್ ಬೇಕು. ಸಂಬಳ ಏನಾದರೂ ಆಗಲಿ, ಬೆಂಚು ಬೇಕು. ವಾಣಿ ಅಲ್ಲಿಯೇ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಹಿಡಿದಳು.

"ಅದಕ್ಕೇನಂತೆ, ಸೋಮವಾರ ಬನ್ನಿ ಹಯಾತಣ್ಣ," ಎಂದಿತು ಹರಿಪ್ರಸಾದನ ದನಿ. "ಚಂದ್ರಹಾಸಂಗೆ ನಾನು ಹೇಳ್ಕೋತೀನಿ. ಪಟ್ಟಿ ಮಾತ್ರ ಇವತ್ತೇ ಮುಗಿಸ್ಕೊಡಿ."

ಮಧ್ಯಾಹ್ನದಿಂದ ಸಂಜೆಯ ತನಕ ಅವರು ಚಿತ್ರ ನೋಡಿ ನೋಡಿ ಹೇಳಿದರು. ಒಂದು, ಒಂದು, ಎರಡು, ಒಂದು. ಎರಡು ಕಡೆ ಮಾತ್ರ ತಡೆದು, ಯಾವ ವರ್ಷ, ಯಾವ ಗಿರಾಕಿ, ಆಗ ಮರ ಯಾವುದು ಎಂದು ನೆನಪು ಮಾಡಿಕೊಂಡು ಹೇಳಿದರು. ಆಮೇಲೆ ಪರೀಕ್ಷಿಸಿದಾಗ ಅರವತ್ತೂ ಸರಿಯಾಗಿದ್ದವು. ಹೊರಡುವಾಗ ವಾಣಿ ಬಾಗಿಲ ಬಳಿ ನಿಂತು, ಅಂದು ಆ ಕೋಣೆಯಲ್ಲಿ ತಾನು ಬಾಯಿ ಬಿಡಬೇಕಿತ್ತು ಎಂದಳು. ಬಿಟ್ಟಿದ್ದರೆ ನಿನ್ನ ಕೆಲಸವೂ ಹೋಗುತ್ತಿತ್ತು, ಇಬ್ಬರ ಕೆಲಸ ಹೋಗಿ ಏನು ಪ್ರಯೋಜನ ಎಂದು ಹಯಾತ್ ಸಾಬರೇ ಅವಳನ್ನು ಸಮಾಧಾನಪಡಿಸಿದರು. ಅವಳಿಗೆ ಹಗುರವಾಯಿತು. ಆ ಮಾತನ್ನು ಅವಳು ಆಮೇಲೂ ಹಲವರ ಬಳಿ ಹೇಳಿಕೊಂಡಿದ್ದಾಳೆ, ಅವರ ದೊಡ್ಡತನಕ್ಕೆ ಸಾಕ್ಷಿಯಾಗಿ.

ಸೋಮವಾರ ಹಯಾತ್ ಸಾಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗೋಣಿತಾಟಿನ ಗಂಟು ಹಿಡಿದು, ಎಂಟೂಕಾಲಿಗೆ ಗೇಟಿಗೆ ಬಂದರು. ಹೊಸ ಕಾವಲುಗಾರ ಒಳಗೆ ಬಿಡಲಿಲ್ಲ. ಅವನ ಚೌಕಿಯ ಗೋಡೆಗೆ ಚಂದ್ರಹಾಸನ ಕಂಪನಿಯ ಪತ್ರದ ಪ್ರತಿ ಅಂಟಿಸಿತ್ತು, ಅದರಲ್ಲಿ ಹಯಾತ್ ಸಾಬರ ಫೋಟೊ ಇತ್ತು. ಕಾವಲುಗಾರ ಫೋಟೊ ನೋಡಿದ, ಮುಖ ನೋಡಿದ. ಒಳಗೆ ಫೋನ್ ಮಾಡಿ ಕೇಳಿ ಎಂದು ಅವರು ಕೋರಿದ್ದಕ್ಕೆ ಮಾಡಿದ. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಕಾಯುವುದು ಬೇಡವಂತೆ ಎಂಬ ಉತ್ತರ ಬಂತು. ಅವರು ಮಧ್ಯಾಹ್ನ ಒಂದು ಗಂಟೆಯವರೆಗೆ ಕಾದರು. ಆಮೇಲೆ ರಸ್ತೆ ದಾಟಿ ಚಹಾದಂಗಡಿಯಲ್ಲಿ ಕುಳಿತರು. ಹೊಸದಾಗಿ ಬಂದಿದ್ದ ಅಂಗಡಿಯವನು ಅವರನ್ನು ಗುರುತಿಸದೆ, ಎದುರಿನ ಫೌಂಡ್ರಿಯಲ್ಲಿ ಒಬ್ಬ ಮುದುಕ ಹೊಟ್ಟೆಕಿಚ್ಚಿಗೆ ಇಪ್ಪತ್ತೆರಡು ಚೌಕಟ್ಟು ಕೆಡಿಸಿದ ಕಥೆಯನ್ನು ಪಕ್ಕದವನಿಗೆ ಹೇಳುತ್ತಿದ್ದ. ಅವರು ಪೂರ್ತಿ ಕೇಳಿಸಿಕೊಂಡರು. ಚಹಾ ಮುಗಿಸಿ ಭದ್ರಾವತಿಯ ಬಸ್ಸು ಹತ್ತಿದರು.

ಇದು ನಡೆದು ಒಂದೂವರೆ ವರ್ಷವಾಯಿತು. ಫೌಂಡ್ರಿಯಲ್ಲಿ ಈಗ ಮೂರು ಪ್ರಿಂಟರ್‌ಗಳಿವೆ. ಮಾದರಿ ಕೇಳಿದ ನಾಲ್ಕನೆಯ ದಿನಕ್ಕೆ ಎರಕ ಕಳಿಸುತ್ತಾರೆ, ಅಳತೆ ತಪ್ಪಿ ಒಂದೂ ವಾಪಸ್ ಬಂದಿಲ್ಲ. ಹಳೆಯ ಮಾದರಿಯನ್ನು ತೆರೆದಾಗಲೆಲ್ಲ ಕುಗ್ಗುವಿಕೆ ಮೊದಲೇ ಸೇರಿದೆಯೇ, ಹೌದು ಅಥವಾ ಇಲ್ಲ ಎಂದು ಕೇಳುವ ಒಂದು ಸಾಲನ್ನು ವಾಣಿ ಕಂಪ್ಯೂಟರಿನಲ್ಲಿ ಸೇರಿಸಿದ್ದಾಳೆ. ಅವಳು ಈಗ ವಿನ್ಯಾಸ ವಿಭಾಗದ ಮುಖ್ಯಸ್ಥೆ. ಬೆಂಚಿದ್ದ ಜಾಗದಲ್ಲಿ ಮೂರನೆಯ ಪ್ರಿಂಟರ್ ನಿಂತಿದೆ. ಬೆಂಚನ್ನು ಕೊಯ್ದು ಲ್ಯಾಡಲ್ ಕಾಯಿಸಲು ಬಳಸಿದರು. ಹಯಾತ್ ಸಾಬರಿಗೆ ಅರವತ್ತಾಯಿತು. ವಾರದಲ್ಲಿ ನಾಲ್ಕು ದಿನ ಅವರು ಮಲವಗೊಪ್ಪದ ಒಂದು ಬಾಡಿಗೆ ಶೆಡ್ಡಿನಲ್ಲಿ, ಗುತ್ತಿಗೆದಾರನೊಬ್ಬನ ಕೈಕೆಳಗೆ, ಪ್ರಿಂಟ್ ಆಗಿ ಬರುವ ಪ್ಲಾಸ್ಟಿಕ್ ಮಾದರಿಗಳಿಗೆ ಪುಟ್ಟಿ ಹಚ್ಚಿ ಉಜ್ಜುತ್ತಾರೆ. ತುಂಡುಗಳು ಅದೇ ಫೌಂಡ್ರಿಯಿಂದ ಬರುತ್ತವೆ, ಅಲ್ಲಿಗೇ ಹೋಗುತ್ತವೆ. ಉಜ್ಜಿದವರು ಯಾರೆಂದು ಹರಿಪ್ರಸಾದನಿಗೆ ಗೊತ್ತಿದೆ. ಚಂದ್ರಹಾಸನಿಗೆ ಗೊತ್ತಿಲ್ಲ. ಸ್ಕೇಲು ಹೊಸಮನೆಯಲ್ಲಿ, ಖಾಜಾಬೀಯ ಬೀರುವಿನಲ್ಲಿದೆ.